ಫೋಟೋದಲ್ಲಿ ಇಲ್ಲದ್ದನ್ನು ಕಾಣುವ ಬಗೆ

‘ಒಳ್ಳೆಯ ಫೋಟೋ ತಾನಾಗಿಯೇ ಕಥೆ ಹೇಳುತ್ತದೆ’ ಎಂಬ ಮಾತು ಕೇಳಿದಾಗಲೆಲ್ಲ ನನಗೆ ರೇಗುತ್ತದೆ. ಫೋಟೋ ಮೂಕ. ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು ಬಿದ್ದ ಬೆಳಕಿನ ಗುರುತು, ಅಷ್ಟೇ. ಅದಕ್ಕೊಂದು ನಿನ್ನೆ, ಒಂದು ನಾಳೆ ಹಚ್ಚುವುದು ನೋಡುಗರ ಮಿದುಳು.

1858ರಲ್ಲಿ ಇಂಗ್ಲೆಂಡಿನ ಹೆನ್ರಿ ಪೀಚ್ ರಾಬಿನ್ಸನ್ ‘ಫೇಡಿಂಗ್ ಅವೇ’ ಎಂಬ ಛಾಯಾಚಿತ್ರ ರಚಿಸಿದರು. ಸಾಯುವ ಸ್ಥಿತಿಯಲ್ಲಿರುವ ಹುಡುಗಿ, ಬಳಿಯಲ್ಲಿ ಇಬ್ಬರು ಹೆಂಗಸರು, ನಮಗೆ ಬೆನ್ನು ಹಾಕಿ ಕಿಟಕಿಯಾಚೆ ನೋಡುತ್ತಿರುವ ಗಂಡಸು. ಇಂಥ ಗಳಿಗೆಯಲ್ಲಿ ಕ್ಯಾಮೆರಾ ನುಗ್ಗಿಸುವುದೇ ಎಂದು ಹಲವರು ಸಿಡಿದೆದ್ದರು. ಅಸಲಿಗೆ ಅಲ್ಲಿ ಸಾವೇ ಇರಲಿಲ್ಲ. ಹುಡುಗಿ ಆರೋಗ್ಯವಂತ ರೂಪದರ್ಶಿ; ಐದು ನೆಗೆಟಿವ್‌ಗಳನ್ನು ಕೂಡಿಸಿ ಒಂದು ಚಿತ್ರವಾಗಿ ಮುದ್ರಿಸಲಾಗಿತ್ತು. (ಇದೇ ದೃಶ್ಯವನ್ನು ಬಣ್ಣದಲ್ಲಿ ಬರೆದಿದ್ದರೆ ಇಷ್ಟು ಗದ್ದಲ ಆಗುತ್ತಿರಲಿಲ್ಲವೇನೋ.) ನನಗೆ ಮುಖ್ಯವೆನಿಸುವುದು ಆ ಗಂಡಸು. ಅವನು ತಂದೆಯೋ, ಪ್ರಿಯಕರನೋ? ಮುಖ ಕಾಣಿಸದೆ ಇದ್ದುದರಿಂದಲೇ ಅವನ ದುಃಖವನ್ನು ನಾವೇ ತುಂಬುತ್ತೇವೆ.

ಕಣ್ಣು ಯಾವ ಚಿತ್ರವನ್ನೂ ಇಡಿಯಾಗಿ ಸ್ಪಷ್ಟವಾಗಿ ಕಾಣುವುದಿಲ್ಲ. ನೋಟದ ನಡುವಿನ ಸುಮಾರು 2 ಡಿಗ್ರಿಯಷ್ಟು ಜಾಗ ಮಾತ್ರ ನಿಚ್ಚಳ. ಹಾಗಾಗಿ ಅದು ಸೆಕೆಂಡಿಗೆ ಮೂರು ನಾಲ್ಕು ಬಾರಿ ಜಿಗಿಯುತ್ತದೆ. ಎಲ್ಲಿಗೆ ಎಂಬುದನ್ನು ಸೋವಿಯತ್ ವಿಜ್ಞಾನಿ ಆಲ್ಫ್ರೆಡ್ ಯಾರ್ಬಸ್ 1960ರ ದಶಕದಲ್ಲಿ ಪ್ರಕಟಿಸಿದ ದಾಖಲೆಗಳಲ್ಲಿ ನೋಡಬಹುದು. ಅವರು ಬಳಸಿದ್ದು ಇಲ್ಯಾ ರೆಪಿನ್ ಬರೆದ ವರ್ಣಚಿತ್ರ: ಯಾರೂ ನಿರೀಕ್ಷಿಸದ ಒಬ್ಬ ಮನೆಯೊಳಗೆ ಕಾಲಿಡುತ್ತಿದ್ದಾನೆ. ಚಿತ್ರದಲ್ಲಿರುವವರ ವಯಸ್ಸೆಷ್ಟು ಎಂದು ನೋಡುಗನನ್ನು ಕೇಳಿದಾಗ ಕಣ್ಣು ಮುಖಗಳ ಮೇಲೆ ಸುಳಿದಾಡಿತು. ಸ್ಥಿತಿವಂತರೇ ಎಂದಾಗ ಉಡುಪು, ಪೀಠೋಪಕರಣಗಳ ಕಡೆ ಹೊರಳಿತು. ಚಿತ್ರ ಅದೇ, ನೋಡುಗನೂ ಅವನೇ. ಫೋಟೋದಡಿಯ ಒಂದು ಸಾಲಿಗೆ ಎಷ್ಟು ಬಲವಿದೆ ಎಂದು ಇದರಿಂದ ಊಹಿಸಬಹುದು.

ಇನ್ನೂ ಸೊಗಸಾದದ್ದು ಕಾಲದ ವಿಷಯ. 1983ರಲ್ಲಿ ಮನೋವಿಜ್ಞಾನಿ ಜೆನ್ನಿಫರ್ ಫ್ರೈಡ್ ಒಂದು ಚಲನೆಯ ನಡುವಿನ ಸ್ಥಿರಚಿತ್ರ ತೋರಿಸಿ, ಬೆನ್ನಿಗೇ ಇನ್ನೊಂದನ್ನು ತೋರಿಸಿ, ಎರಡೂ ಒಂದೇನಾ ಎಂದು ಕೇಳಿದರು. ಎರಡನೆಯದು ತುಸು ಹಿಂದಿನ ಕ್ಷಣದ್ದಾದರೆ ಜನ ಬೇಗ ‘ಬೇರೆ’ ಎಂದರು. ತುಸು ಮುಂದಿನದಾದರೆ ತಡವರಿಸಿದರು. ನೆನಪಿನಲ್ಲಿದ್ದ ಚಿತ್ರ ಅಷ್ಟರಲ್ಲೇ ಮುಂದಕ್ಕೆ ಸರಿದಿತ್ತು! ತಾಳ ಹಾಕುವವರ ಕೈ ಮುಂದಿನ ಪೆಟ್ಟಿಗೆ ಮೊದಲೇ ಎದ್ದಿರುವಂತೆ, ಮಿದುಳು ಬರಲಿರುವ ಕ್ಷಣದತ್ತ ವಾಲಿರುತ್ತದೆ. 2000ದಲ್ಲಿ ಜೋಯಿ ಕೋರ್ಟ್ಸಿ ಮತ್ತು ನ್ಯಾನ್ಸಿ ಕ್ಯಾನ್ವಿಷರ್ ಮಿದುಳಿನ ಸ್ಕ್ಯಾನ್‌ನಲ್ಲಿ ಇದರ ಸುಳಿವು ಕಂಡರು. ಚಲನೆಯನ್ನು ಗ್ರಹಿಸುವ ಭಾಗ, ನಿಂತವರ ಫೋಟೋಗಿಂತ ಓಡುವವರ ಫೋಟೋ ನೋಡುವಾಗ ಹೆಚ್ಚು ಚುರುಕಾಗುತ್ತಿತ್ತು. ಎರಡೂ ಅಲುಗದ ಚಿತ್ರಗಳೇ.

ಜಾಗವನ್ನೂ ನಾವು ಹಿಗ್ಗಿಸುತ್ತೇವೆ. ಹತ್ತಿರದಿಂದ ತೆಗೆದ ಫೋಟೋವನ್ನು ನೆನಪಿನಿಂದ ಬರೆಯಹೊರಟವರು ಫೋಟೋದಲ್ಲಿ ಇಲ್ಲದ, ಅಂಚಿನಾಚೆಯ ಹಿನ್ನೆಲೆಯನ್ನೂ ಸೇರಿಸುತ್ತಾರೆಂದು 1989ರಲ್ಲಿ ಹೆಲೀನ್ ಇಂಟ್ರಾಬ್ ಮತ್ತು ಮೈಕೆಲ್ ರಿಚರ್ಡ್‌ಸನ್ ತೋರಿಸಿದರು. ವಿಶಾಲ ದೃಶ್ಯಗಳಲ್ಲಿ ಇದು ತಿರುಗುಮುರುಗಾಗುವುದೂ ಉಂಟು.

ಇಂಥ ಮಿದುಳಿಗೆ ಕಥೆಯ ಫೋಟೋ ಹೇಗಿರಬೇಕು ಎಂಬುದನ್ನು ಅಮೆರಿಕದ ಛಾಯಾಗ್ರಾಹಕಿ ಸಿಂಡಿ ಶೆರ್ಮನ್ ಚೆನ್ನಾಗಿ ಅರಿತಿದ್ದರು. 1977ರಿಂದ 1980ರವರೆಗೆ ಅವರು ತೆಗೆದ ಸರಣಿ, ಇಲ್ಲದ ಸಿನಿಮಾಗಳ ಸ್ಥಿರಚಿತ್ರಗಳಂತಿದೆ. ಶೀರ್ಷಿಕೆಯಿಲ್ಲ, ಸಂಖ್ಯೆ ಮಾತ್ರ. 48ನೆಯದರಲ್ಲಿ ರಸ್ತೆಯ ಬದಿಯಲ್ಲಿ ಒಬ್ಬ ಯುವತಿ, ಪಕ್ಕದಲ್ಲೊಂದು ಸೂಟ್‌ಕೇಸ್. ಯಾರಿಗಾಗಿ ಕಾಯುತ್ತಿದ್ದಾಳೆ ಎಂದುಕೊಂಡವರು ರಸ್ತೆಯನ್ನು ನೋಡುತ್ತಾರೆ; ಮನೆ ಬಿಟ್ಟು ಬಂದಳೇ ಎಂದುಕೊಂಡವರು ಸೂಟ್‌ಕೇಸನ್ನು.