ನಲ್ಲಿಯಲ್ಲೇ ನೈಟ್ರೇಟ್ ಇದ್ದರೆ?

"ವಾರವಾರ ನೀರು ಬದಲಿಸ್ತೀವಿ ಸರ್, ಆದ್ರೂ ಪಾಚಿ ಹೋಗಲ್ಲ" ಎಂದು ಕರೆಯುವ ಮನೆಗಳಲ್ಲಿ ನಾನು ಮೊದಲು ಪರೀಕ್ಷಿಸುವುದು ನಲ್ಲಿ ನೀರನ್ನು, ಅಕ್ವೇರಿಯಂ ನೀರನ್ನು ಆಮೇಲೆ. ಪಾಚಿಗೆ ಗೊಬ್ಬರವಾಗುವ ನೈಟ್ರೇಟ್ ಎಂಬ ಲವಣ ನಲ್ಲಿಯಿಂದಲೇ ಬರುತ್ತಿರಬಹುದು. ಬೆಂಗಳೂರಿನಲ್ಲಿ ಬರೀ ಕಾವೇರಿ ನೀರು ಬಳಸುವವರಿಗೆ ಈ ತಾಪತ್ರಯ ಕಡಿಮೆ. ಬೋರ್‌ವೆಲ್, ಟ್ಯಾಂಕರ್ ನೀರನ್ನು ಮಾತ್ರ ನಂಬುವಂತಿಲ್ಲ. ಸೋರುವ ಚರಂಡಿ, ಹಳೆಯ ಶೌಚದ ಪಿಟ್‌ಗಳಿಂದ ನೈಟ್ರೇಟ್ ನೆಲಕ್ಕಿಳಿದಿರುತ್ತದೆ. ಹಳ್ಳಿಗಳ ಕಡೆ ಯೂರಿಯಾ, ತಿಪ್ಪೆಯ ಪಾಲೂ ಇದೆ.

ಕುಡಿಯುವ ನೀರಿನ ಭಾರತೀಯ ಮಾನದಂಡವಾದ ಐಎಸ್ 10500 ನೈಟ್ರೇಟಿಗೆ ಇಟ್ಟಿರುವ ಮಿತಿ ಲೀಟರಿಗೆ 45 ಮಿಲಿಗ್ರಾಂ. ಮೀನಿನ ತೊಟ್ಟಿಯಲ್ಲಿ 40 ದಾಟದಂತೆ ನೋಡಿಕೊಳ್ಳುತ್ತೇನೆ. ನಲ್ಲಿಯಲ್ಲೇ 60 ಬರುತ್ತಿದ್ದರೆ, ಎಷ್ಟು ಬಕೆಟ್ ಸುರಿದರೂ ಅದಕ್ಕಿಂತ ಕೆಳಗಿಳಿಯದು. ಲ್ಯಾಬ್ ವರದಿಯಲ್ಲಿ 'ನೈಟ್ರೇಟ್ ನೈಟ್ರೋಜನ್' ಎಂದಿದ್ದರೆ ಅದು ನೈಟ್ರೇಟಿನೊಳಗಿನ ನೈಟ್ರೋಜನ್ನಿನ ತೂಕ ಮಾತ್ರ, ಅಂಕಿಯನ್ನು 4.4ರಿಂದ ಗುಣಿಸಿ ನೋಡಿ. 14 ಎಂದು ಕಂಡು ನಿರಾಳವಾದವರ ನೀರಿನಲ್ಲಿ ನಿಜಕ್ಕೂ ಇರುವುದು 60ರ ಮೇಲೆ!

ಅಪಾರ್ಟ್‌ಮೆಂಟಿನವರು "ನಮ್ಮಲ್ಲಿ ಸಾಫ್ಟ್‌ನರ್ ಇದೆಯಲ್ಲ" ಎನ್ನುತ್ತಾರೆ. ಅದು ಕ್ಯಾಲ್ಸಿಯಂ, ಮೆಗ್ನೀಷಿಯಂ ಹಿಡಿದು ಸೋಡಿಯಂ ಬಿಡುವ ಯಂತ್ರ, ನೈಟ್ರೇಟಿನ ತಂಟೆಗೇ ಹೋಗುವುದಿಲ್ಲ. ಕ್ಲೋರಿನ್ ತೆಗೆಯುವ ಹನಿಗಳು, ಇದ್ದಿಲಿನ ಫಿಲ್ಟರ್ ಕೂಡ ಅಷ್ಟೆ. ಕುದಿಸಿದರಂತೂ ನೀರು ಆವಿಯಾಗಿ ನೈಟ್ರೇಟ್ ಇನ್ನಷ್ಟು ಗಟ್ಟಿಯಾಗುತ್ತದೆ.

ಮನೆಯಲ್ಲಿ ಆರ್‌ಒ ಇದ್ದರೆ ಅರ್ಧ ಕೆಲಸ ಆದಂತೆ. 60 ಇರುವ ನೀರಿಗೆ 5 ಇರುವ ಆರ್‌ಒ ನೀರನ್ನು ಸಮಸಮ ಬೆರೆಸಿದರೆ 32ರ ಆಸುಪಾಸು ಬರುತ್ತದೆ. ಬರೀ ಆರ್‌ಒ ನೀರು ತುಂಬಬೇಡಿ. ಅದರಲ್ಲಿ ಖನಿಜಾಂಶ ತೀರಾ ಕಡಿಮೆ, ಪಿಎಚ್ ಹಿಡಿದಿಡುವ ಶಕ್ತಿಯೂ ಇಲ್ಲ. ಯಂತ್ರ ಹೊರಗೆ ಬಿಡುವ ನೀರನ್ನು ಉಳಿತಾಯವೆಂದು ತೊಟ್ಟಿಗೆ ಹಾಕುವವರೂ ಇದ್ದಾರೆ. ನೈಟ್ರೇಟ್ ಹೆಚ್ಚಿರುವುದೇ ಅದರಲ್ಲಿ, ಅದು ನೆಲ ಒರೆಸುವುದಕ್ಕಿರಲಿ.

ಆರ್‌ಒ ಇಲ್ಲದವರಿಗೆ ನಾನು ಹೇಳುವುದು ಮನಿಪ್ಲಾಂಟ್. ಎಲೆ ಹೊರಗೆ, ಬೇರು ಮಾತ್ರ ನೀರಿನಲ್ಲಿರುವಂತೆ ತೊಟ್ಟಿಯ ಅಂಚಿಗೆ ಸಿಕ್ಕಿಸಿ. ಬಿಳಿ ಬೇರು ಜಡೆಯಂತೆ ಇಳಿದ ಮೇಲೆ ಅದು ನೈಟ್ರೇಟನ್ನು ಚೆನ್ನಾಗಿ ಹೀರುತ್ತದೆ. ಬೆಳೆದ ಬಳ್ಳಿಯನ್ನು ಆಗಾಗ ಕತ್ತರಿಸಿ ತೆಗೆಯಿರಿ, ಹಳದಿ ಎಲೆ ನೀರಿನಲ್ಲಿ ಕೊಳೆಯಲು ಬಿಡಬೇಡಿ. ನೈಟ್ರೇಟ್ ಹೀರುವ ರೆಸಿನ್ (ಫಿಲ್ಟರಿನಲ್ಲಿಡುವ ಸಣ್ಣ ಮಣಿಗಳು) ಕೂಡ ಸಿಗುತ್ತದೆ. ಆದರೆ ನೀರಿನಲ್ಲಿ ಸಲ್ಫೇಟ್ ಹೆಚ್ಚಿದ್ದರೆ ಸಾಮಾನ್ಯ ರೆಸಿನ್ ಬೇಗ ಸೋಲುತ್ತದೆ.

ಏನೇ ಮಾಡಿ, ಒಂದೇ ದಿನಕ್ಕೆ ಬೇಡ. ಹಳೆಯ ನೀರಿಗೆ ಒಗ್ಗಿಹೋದ ಮೀನಿಗೆ ದಿಢೀರ್ ಬದಲಾವಣೆಯೇ ಕುತ್ತು. ಹೊಸ ಮಿಶ್ರಣವನ್ನು ಸಲಕ್ಕೆ ಹತ್ತು–ಹದಿನೈದು ಶೇಕಡಾದಂತೆ, ನಡುವೆ ಒಂದೆರಡು ದಿನ ಬಿಟ್ಟು ಸೇರಿಸಿ.