ಥರ್ಮೋಸ್ಟಾಟ್ ಕಿತ್ತರೆ ಹೀಟ್ ನಿಲ್ಲುವುದಿಲ್ಲ

ಹಳೆ ಕಾರಿನ ಇಂಜಿನ್ ಬಿಚ್ಚಿ, ಬೋರ್ ಮಾಡಿಸಿ, ಹೊಸ ಪಿಸ್ಟನ್ ಹಾಕಿ ಮತ್ತೆ ಜೋಡಿಸಿದವರು ನನ್ನ ಹತ್ತಿರ ಬಂದಾಗ ಹೇಳುವ ಮೊದಲ ಮಾತು ಹೆಚ್ಚುಕಮ್ಮಿ ಒಂದೇ. ‘ಸಾರ್, ಗಾಡಿ ಹೀಟ್ ಆಗ್ತಿದೆ.’ ಎರಡನೇ ಮಾತೂ ಒಂದೇ. ‘ಥರ್ಮೋಸ್ಟಾಟ್ ಆಗಲೇ ತೆಗೆಸಿಬಿಟ್ಟಿದೀನಿ.’ ಥರ್ಮೋಸ್ಟಾಟ್ ಅಂದರೆ ಇಂಜಿನ್ನಿಂದ ರೇಡಿಯೇಟರಿಗೆ ನೀರು ಹೋಗುವ ದಾರಿಯಲ್ಲಿ ಕೂರುವ ವಾಲ್ವ್. ನನಗೆ ಬೇಜಾರಾಗುವುದು ಈ ಎರಡನೇ ಮಾತಿಗೆ. ಇಷ್ಟು ಕಷ್ಟಪಟ್ಟು ಕಟ್ಟಿದ ಇಂಜಿನ್ನಿಗೆ ಅದರಿಂದ ಒಳ್ಳೆಯದಾಗುವುದಿಲ್ಲ, ಕೆಟ್ಟದ್ದೇ ಆಗುತ್ತದೆ.

ಹೆಡ್ಡಿನ ಟಾರ್ಕ್ ಎಷ್ಟು, ರಿಂಗ್ ಗ್ಯಾಪ್ ಎಷ್ಟು ಅಂತ ಇಲ್ಲಿ ಬರೆಯುವುದಿಲ್ಲ. ಅದು ನಿಮ್ಮ ಇಂಜಿನ್ನಿನ ಮ್ಯಾನ್ಯುಯಲ್‌ನಲ್ಲಿದೆ, ಅದನ್ನೇ ನಂಬಿ. ನಾನು ಹೇಳಬೇಕಾಗಿರುವುದು ಒಂದೇ ವಿಷಯ. ಇಂಜಿನ್ ಎಷ್ಟು ಬಿಸಿಯಾಗಬೇಕು ಅಂತ ಥರ್ಮೋಸ್ಟಾಟ್ ತೀರ್ಮಾನಿಸುವುದಿಲ್ಲ. ಎಷ್ಟಕ್ಕಿಂತ ತಣ್ಣಗಿರಬಾರದು ಅನ್ನುವುದನ್ನಷ್ಟೇ ಅದು ನೋಡಿಕೊಳ್ಳುತ್ತದೆ.

ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಥರ್ಮೋಸ್ಟಾಟ್ ಒಳಗೆ ಒಂದು ಪುಟ್ಟ ಡಬ್ಬಿಯಲ್ಲಿ ಮೇಣ ಇರುತ್ತದೆ. ಬಿಸಿಯಾದಾಗ ಮೇಣ ಕರಗಿ ಹಿಗ್ಗುತ್ತದೆ, ವಾಲ್ವನ್ನು ತಳ್ಳುತ್ತದೆ. ಮೇಲೆ 82 ಅಂತ ಒತ್ತಿದ್ದರೆ, 82 ಡಿಗ್ರಿಗೆ ತೆರೆಯಲು ಶುರುವಾಗುತ್ತದೆ ಅಂತ ಅರ್ಥ. ಪೂರ್ತಿ ತೆರೆಯುವ ಹೊತ್ತಿಗೆ ಇನ್ನೂ 10-15 ಡಿಗ್ರಿ ಏರಿರುತ್ತದೆ. ಅಲ್ಲಿಂದ ಮುಂದೆ ಅದಕ್ಕೆ ಮಾಡಲು ಏನೂ ಉಳಿದಿಲ್ಲ. ಬಾಗಿಲು ಪೂರ್ತಿ ತೆರೆದಾಗಿದೆ, ಇನ್ನೂ ಜಾಸ್ತಿ ತೆರೆಯಲು ಆಗುವುದಿಲ್ಲ. ನಿಮ್ಮ ಹೀಟ್ ಗೇಜಿನ ಮುಳ್ಳು 110ರ ಹತ್ತಿರ ನಿಂತಿದೆ ಅಂದರೆ ತೊಂದರೆ ಬೇರೆ ಎಲ್ಲೋ ಇದೆ.

82 ತೆಗೆದು 74 ಹಾಕಿಸಿದೆ, ಪರವಾಗಿಲ್ಲ ಅನ್ನಿಸ್ತಿದೆ ಅಂತ ಕೆಲವರು ಹೇಳುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಇಂಜಿನ್ ಕಡಿಮೆ ಬಿಸಿಯಿಂದ ಶುರುವಾಗುವುದರಿಂದ ಕುದಿಯುವ ಮಟ್ಟಕ್ಕೆ ಬರಲು ಕೆಲವು ನಿಮಿಷ ಜಾಸ್ತಿ ಹಿಡಿಯುತ್ತದೆ. ಆ ಕೆಲವು ನಿಮಿಷವನ್ನೇ ಗುಣವಾಯಿತು ಅಂದುಕೊಳ್ಳುತ್ತಾರೆ. ದೊಡ್ಡ ಘಾಟಿ ಸಿಕ್ಕಿದ ದಿನ ಮುಳ್ಳು ಮತ್ತೆ ಅದೇ ಜಾಗಕ್ಕೆ ಬರುತ್ತದೆ.

ಥರ್ಮೋಸ್ಟಾಟ್ ಕೆಡುವುದೇ ಇಲ್ಲ ಅಂತ ಹೇಳುತ್ತಿಲ್ಲ. ಮೇಣದ ಥರ್ಮೋಸ್ಟಾಟ್ ಕೆಟ್ಟರೆ ಸಾಮಾನ್ಯವಾಗಿ ಮುಚ್ಚಿಕೊಂಡೇ ಉಳಿಯುತ್ತದೆ. ಹಾಗಿದೆಯೋ ಇಲ್ಲವೋ ನೋಡುವುದು ಸುಲಭ. ಪಾತ್ರೆಯಲ್ಲಿ ನೀರಿಟ್ಟು, ಥರ್ಮೋಸ್ಟಾಟಿಗೆ ದಾರ ಕಟ್ಟಿ ಅದರೊಳಗೆ ತೂಗುಬಿಟ್ಟು, ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟು ಕಾಯಿಸಿ. ತೆರೆಯದಿದ್ದರೆ ಹೊಸದು ಹಾಕಿ. ಆದರೆ ಆ ಜಾಗವನ್ನು ಖಾಲಿ ಬಿಡಬೇಡಿ.

ಖಾಲಿ ಬಿಟ್ಟರೆ ಏನಾಗುತ್ತದೆ? ನೀರು ರೇಡಿಯೇಟರಿನಲ್ಲಿ ಜೋರಾಗಿ ಓಡಿಬಿಡುತ್ತದೆ, ತಣ್ಣಗಾಗಲು ಪುರುಸೊತ್ತು ಸಿಗುವುದಿಲ್ಲ ಅಂತ ಅನುಭವಿ ಮೆಕ್ಯಾನಿಕ್‌ಗಳೂ ಹೇಳುತ್ತಾರೆ. ಅದು ಸರಿಯಲ್ಲ. ನೀರು ಜೋರಾಗಿ ಹರಿದಷ್ಟೂ ಶಾಖ ಜಾಸ್ತಿಯೇ ಹೊರಗೆ ಹೋಗುತ್ತದೆ. ತೊಂದರೆ ಇರುವುದು ಬೈಪಾಸಿನಲ್ಲಿ, ಅಂದರೆ ರೇಡಿಯೇಟರಿಗೆ ಹೋಗದೆ ನೀರು ನೇರ ಪಂಪಿಗೆ ಮರಳುವ ಅಡ್ಡದಾರಿಯಲ್ಲಿ. 1948ರಲ್ಲಿ ಎಕ್ಸ್‌ಕೆ 120 ಕಾರಿನ ಜೊತೆ ಬಂದ ಜಾಗ್ವಾರ್ ಆರು ಸಿಲಿಂಡರ್ ಇಂಜಿನ್ ನೋಡಿ. ಅದರ ಹಳೆ ಮಾದರಿಯ ಥರ್ಮೋಸ್ಟಾಟಿಗೆ ಸುತ್ತ ಒಂದು ತೋಳು ಇದೆ. ವಾಲ್ವ್ ತೆರೆದಾಗ ಆ ತೋಳು ಬೈಪಾಸ್ ಕಿಂಡಿಯನ್ನು ಮುಚ್ಚುತ್ತದೆ. ಥರ್ಮೋಸ್ಟಾಟ್ ಕಿತ್ತರೆ, ಅಥವಾ ತೋಳಿಲ್ಲದ ಯಾವುದೋ ಒಂದನ್ನು ಹಾಕಿದರೆ, ಕಿಂಡಿ ಸದಾ ತೆರೆದೇ ಇರುತ್ತದೆ. ಬಿಸಿ ನೀರಿನ ಒಂದು ಪಾಲು ರೇಡಿಯೇಟರಿನ ಮುಖವನ್ನೇ ನೋಡದೆ ಪಂಪಿಗೆ ವಾಪಸ್ ಬರುತ್ತದೆ. ಎಲ್ಲ ಇಂಜಿನ್ನಿನಲ್ಲೂ ಹೀಗೇ ಇರುವುದಿಲ್ಲ. ನಿಮ್ಮದರಲ್ಲಿ ಬೈಪಾಸ್ ಹೇಗಿದೆ ಅಂತ ಮೊದಲು ನೋಡಿಕೊಳ್ಳಿ.

ಬೈಪಾಸ್ ಮಾತು ಬಂದಿದ್ದಕ್ಕೆ ಇನ್ನೊಂದು. ಹಳೆ ಮಿನಿ, ಮಾರಿಸ್ ಮೈನರ್ ಕಟ್ಟುತ್ತಿದ್ದರೆ ಪಂಪಿಗೂ ಹೆಡ್ಡಿಗೂ ನಡುವೆ ಇರುವ ಆ ಗಿಡ್ಡ ಹೋಸನ್ನು ಈಗಲೇ ಹೊಸದು ಹಾಕಿಬಿಡಿ. ಇಂಜಿನ್ ಗಾಡಿಯೊಳಗೆ ಕೂತ ಮೇಲೆ ಅಲ್ಲಿಗೆ ಕೈ ಹೋಗುವುದೇ ಕಷ್ಟ.

ಇನ್ನು ಇಂಜಿನ್ ತಣ್ಣಗೇ ಓಡುತ್ತಿದ್ದರೆ ಒಳ್ಳೆಯದಲ್ವಾ ಅಂತ ಕೇಳುವವರಿಗೆ: ಅಲ್ಲ. ಸಿಲಿಂಡರ್ ಗೋಡೆ ತಣ್ಣಗಿದ್ದರೆ ಪೆಟ್ರೋಲ್ ಸರಿಯಾಗಿ ಆವಿಯಾಗದೆ ಗೋಡೆಯ ಮೇಲಿನ ಆಯಿಲನ್ನು ತೊಳೆದುಬಿಡುತ್ತದೆ. ಉರಿದಾಗ ಹುಟ್ಟುವ ನೀರಾವಿ ಆಯಿಲಿಗೆ ಸೇರುತ್ತದೆ. ಆಯಿಲ್ ಮುಚ್ಚಳ ತೆಗೆದರೆ ಒಳಗೆ ಬಿಳಿ ಕೆನೆ ಕಟ್ಟಿರುತ್ತದೆ. ಹೊಸ ರಿಂಗ್ ಹಾಕಿದ ಬೋರಿಗೆ ಇದಕ್ಕಿಂತ ಕೆಟ್ಟ ಶುರುವಾತು ಬೇಡ.

ಹಾಗಾದರೆ ಹೀಟ್ ಎಲ್ಲಿಂದ ಬರುತ್ತದೆ? ನಾನು ನೋಡಿದ ಮಟ್ಟಿಗೆ ಬಹಳ ಸಲ ಬ್ಲಾಕಿನ ಒಳಗಿಂದಲೇ.

ಒಬ್ಬರು ತಂದೆಯ ಕಾಲದ ಆರು ಸಿಲಿಂಡರ್ ಕಾರು ತಂದಿದ್ದರು. ಬಿಚ್ಚಿದ ಪ್ರತಿ ಬೋಲ್ಟಿಗೂ ಬೇರೆ ಚೀಲ, ಚೀಲಕ್ಕೆ ಚೀಟಿ, ಚೀಟಿಯ ಮೇಲೆ ಮುದ್ದಾದ ಅಕ್ಷರದಲ್ಲಿ ಎಲ್ಲಿಂದ ತೆಗೆದದ್ದು ಅಂತ. ಇಂಥವರನ್ನು ಕಂಡರೆ ನನಗೆ ತುಂಬಾ ಇಷ್ಟ. ಥರ್ಮೋಸ್ಟಾಟ್ ಇರಲಿಲ್ಲ. ರೇಡಿಯೇಟರಿಗೆ ಹೊಸ ಕೋರ್, ಮುಂದೆ ಎಲೆಕ್ಟ್ರಿಕ್ ಫ್ಯಾನ್, ಆದರೂ ಕುದಿಯುತ್ತಿತ್ತು. ಬ್ಲಾಕಿನ ಹಿಂಬದಿಯ ಕೋರ್ ಪ್ಲಗ್, ಅಂದರೆ ಒಳಗಿನ ನೀರಿನ ಜಾಗದ ತೂತಿಗೆ ಹೊಡೆದಿರುವ ತಗಡಿನ ಬಿರಡೆ, ಎಬ್ಬಿಸಿದೆ. ನೀರು ಚಿಮ್ಮಬೇಕಿತ್ತು, ಒಂದು ಹನಿಯೂ ಬರಲಿಲ್ಲ. ಸ್ಕ್ರೂಡ್ರೈವರ್ ಚುಚ್ಚಿದರೆ ಹಿಡಿಯವರೆಗೂ ಕೆಸರಿನಲ್ಲಿ ಇಳಿಯಿತು. ಕಂದು ಬಣ್ಣದ, ಗಟ್ಟಿ, ಮರಳು ಮರಳಾದ ಕೆಸರು. ‘ಮೆಷಿನ್ ಶಾಪಿನವರು ತೊಳೆದು ಕೊಟ್ಟಿದ್ರಲ್ಲ ಸಾರ್’ ಅಂದರು. ತೊಳೆದಿದ್ದು ನಿಜ. ಕೋರ್ ಪ್ಲಗ್ ತೆಗೆಯದೆ ತೊಳೆದಿದ್ದರು.

ತುಕ್ಕಿನ ಪುಡಿ, ಎರಕದ ಮರಳು, ಹಿಂದೆ ಯಾರೋ ಸೋರಿಕೆ ನಿಲ್ಲಲಿ ಅಂತ ಸುರಿದ ಪುಡಿ, ಎಲ್ಲವೂ ನೀರು ನಿಧಾನವಾಗುವ ಕಡೆ ಕೂರುತ್ತವೆ. ಅಂದರೆ ಪಂಪಿನಿಂದ ದೂರ, ಕೊನೆಯ ಸಿಲಿಂಡರುಗಳ ಬುಡದಲ್ಲಿ. ಗೇಜಿನ ಸೆನ್ಸರ್ ಬಹಳ ಕಾರುಗಳಲ್ಲಿ ಮುಂದೆ, ಥರ್ಮೋಸ್ಟಾಟ್ ಹತ್ತಿರ ಇರುತ್ತದೆ. ಹಾಗಾಗಿ ಹಿಂದೆ ನೀರು ಕುದಿಯುತ್ತಿದ್ದರೂ ಮುಳ್ಳು ಸ್ವಲ್ಪ ಹೊತ್ತು ಸುಮ್ನೆ ಇರಬಹುದು. ಬ್ಲಾಕ್ ಬರಿದಾಗಿರುವಾಗಲೇ ಎಲ್ಲ ಕೋರ್ ಪ್ಲಗ್ ತೆಗೆಸಿ. ಗಟ್ಟಿ ತಂತಿ ಬಗ್ಗಿಸಿ ಪ್ರತಿ ಸಿಲಿಂಡರ್ ಸುತ್ತ ಕೆರೆಯಿರಿ, ಆಮೇಲೆ ಜೋರು ನೀರು ಬಿಡಿ. ಹೊರಬರುವ ನೀರು ತಿಳಿಯಾಗುವ ತನಕ ನಿಲ್ಲಿಸಬೇಡಿ. ಕ್ರೈಸ್ಲರ್, ಡಾಡ್ಜ್‌ಗಳ ಹಳೆ ಫ್ಲಾಟ್‌ಹೆಡ್ (ವಾಲ್ವ್‌ಗಳು ಹೆಡ್ಡಿನಲ್ಲಲ್ಲ, ಬ್ಲಾಕಿನಲ್ಲೇ ಇರುವ) ಆರು ಸಿಲಿಂಡರ್ ಆದರೆ ಪಂಪಿನ ಹಿಂದೆ ಉದ್ದಕ್ಕೂ ನೀರು ಹಂಚುವ ಒಂದು ಕೊಳವೆ ಇದೆ. ಅದು ತುಕ್ಕು ಹಿಡಿದು ತೂತಾಗಿದ್ದರೆ ಹಿಂದಿನ ಸಿಲಿಂಡರುಗಳಿಗೆ ನೀರೇ ಸರಿಯಾಗಿ ತಲುಪುವುದಿಲ್ಲ. ಅದನ್ನು ಎಳೆದು ತೆಗೆದು ನೋಡಲೇಬೇಕು.

ಬ್ಲಾಕಿಗೂ ಹೆಡ್ಡಿಗೂ ನಡುವೆ ಬರುವ ಹೆಡ್ ಗ್ಯಾಸ್ಕೆಟ್ ಕೂರಿಸುವ ಮುಂಚೆ ಅದನ್ನು ಬ್ಲಾಕಿನ ಮೇಲಿಟ್ಟು ನೀರಿನ ತೂತುಗಳನ್ನು ಒಂದೊಂದಾಗಿ ಹೋಲಿಸಿ. ಕೆಲವು ತೂತು ಬೇಕಂತಲೇ ಸಣ್ಣದಿರುತ್ತವೆ, ಅವನ್ನು ದೊಡ್ಡದು ಮಾಡಬೇಡಿ. ಫೋರ್ಡ್‌ನ 289, 302 ವಿ8 ಇಂಜಿನ್ನುಗಳ ಗ್ಯಾಸ್ಕೆಟ್ ಮೇಲೆ ‘ಫ್ರಂಟ್’ ಅಂತ ಒತ್ತಿರುತ್ತದೆ. ಎರಡೂ ಕಡೆ ಆ ಅಕ್ಷರ ರೇಡಿಯೇಟರ್ ಕಡೆಗೇ ಬರಬೇಕು. ತಿರುಗಿಸಿ ಹಾಕಿದರೂ ಬೋಲ್ಟ್ ಕೂರುತ್ತದೆ, ಇಂಜಿನ್ ಸ್ಟಾರ್ಟೂ ಆಗುತ್ತದೆ, ನೀರಿನ ದಾರಿ ಮಾತ್ರ ತಪ್ಪಿರುತ್ತದೆ.

ಗಾಳಿ ಉಳಿಯುವುದು ಇನ್ನೊಂದು ಕಾರಣ. ಥರ್ಮೋಸ್ಟಾಟಿನಲ್ಲಿ ಅಲ್ಲಾಡುವ ಪುಟ್ಟ ಪಿನ್ ಇದ್ದರೆ ಅದು ಮೇಲ್ಗಡೆ ಇರಲಿ, ಗಾಳಿ ಹೋಗುವುದು ಅಲ್ಲಿಂದ. ಕಾರಿನ ಮೂತಿ ಎತ್ತಿ ನಿಲ್ಲಿಸಿ, ಹೀಟರ್ ವಾಲ್ವ್ ತೆರೆದು, ನಿಧಾನವಾಗಿ ತುಂಬಿ. ಬರೀ ನೀರು ಬೇಡ, ತುಕ್ಕು ತಡೆಯುವ ಕೂಲೆಂಟ್ ಇರಲಿ. ರೇಡಿಯೇಟರ್ ಮುಚ್ಚಳ ನಿಮ್ಮ ಗಾಡಿಗೆ ಹೇಳಿದ ಒತ್ತಡದ್ದೇ ಆಗಿರಲಿ. 7 ಪಿಎಸ್‌ಐ ಮುಚ್ಚಳ ಸರಿಯಾಗಿದ್ದರೆ ಬರೀ ನೀರೂ ಸುಮಾರು 111 ಡಿಗ್ರಿಯವರೆಗೆ ಕುದಿಯುವುದಿಲ್ಲ. ಮುಚ್ಚಳದ ರಬ್ಬರ್ ಹೋಗಿದ್ದರೆ 100ಕ್ಕೇ ಕುದಿಯುತ್ತದೆ.

ಫ್ಲಾಟ್ ಟ್ಯಾಪೆಟ್ (ಕ್ಯಾಮ್ ಮೇಲೆ ಚಪ್ಪಟೆ ತಳದ ಟ್ಯಾಪೆಟ್ ಉಜ್ಜುವ) ಇಂಜಿನ್ನಿಗೆ ಹೊಸ ಕ್ಯಾಮ್ ಹಾಕಿದ್ದರೆ ಮೊದಲ ಸಲ ಸ್ಟಾರ್ಟ್ ಆದ ಕೂಡಲೇ ಸುಮಾರು 2000 ಆರ್‌ಪಿಎಂನಲ್ಲಿ 20 ನಿಮಿಷ ಓಡಿಸುವುದು ವಾಡಿಕೆ. ಐಡಲ್ ಬಿಡುವಂತಿಲ್ಲ. ಗಾಡಿ ನಿಂತಲ್ಲೇ ಇರುತ್ತದೆ, ಬಿಗಿಯಾದ ಹೊಸ ಇಂಜಿನ್ ಬೇರೆ. ಮುಳ್ಳು ಸ್ವಲ್ಪ ಮೇಲೆ ಹೋಗುವುದು ಸಹಜ. ರೇಡಿಯೇಟರ್ ಮುಂದೆ ದೊಡ್ಡ ಫ್ಯಾನ್ ಇಟ್ಟುಕೊಳ್ಳಿ. ಕುದಿಯುವ ಲಕ್ಷಣ ಕಂಡರೆ ನಿಲ್ಲಿಸಿ, ತಣ್ಣಗಾದ ಮೇಲೆ ಮುಂದುವರಿಸಿ. ಇಗ್ನಿಷನ್ ಟೈಮಿಂಗ್ ತಡವಾಗಿದ್ದರೂ ಇಂಜಿನ್ ಕೆಂಡವಾಗುತ್ತದೆ, ಅದನ್ನು ಸ್ಟಾರ್ಟ್ ಮಾಡುವ ಮುಂಚೆಯೇ ಸರಿಮಾಡಿ.

ಇಷ್ಟಾದ ಮೇಲೂ ಮುಳ್ಳು ಏರುತ್ತಿದ್ದರೆ ದುಡ್ಡು ಖರ್ಚು ಮಾಡುವ ಮುಂಚೆ ಎರಡು ಪರೀಕ್ಷೆ ಮಾಡಿ. ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ರೇಡಿಯೇಟರ್ ಮೇಲೆಲ್ಲ ಅಳೆಯಿರಿ. ಒಂದು ಕಡೆ ಮಾತ್ರ ತಣ್ಣಗಿದ್ದರೆ ಅಲ್ಲಿನ ಟ್ಯೂಬ್ ಕಟ್ಟಿಕೊಂಡಿದೆ. ಆಮೇಲೆ ಇಂಜಿನ್ ಪೂರ್ತಿ ತಣ್ಣಗಾದ ಮೇಲೆಯೇ ಮುಚ್ಚಳ ತೆಗೆದು, ನೀರಿನ ಮಟ್ಟ ಸ್ವಲ್ಪ ಇಳಿಸಿ, ಸ್ಟಾರ್ಟ್ ಮಾಡಿ, ನೀಲಿ ದ್ರಾವಣದ ಗ್ಯಾಸ್ ಟೆಸ್ಟ್ ಮಾಡಿಸಿ. ಉರಿದ ಗ್ಯಾಸ್ ನೀರಿಗೆ ಸೇರುತ್ತಿದ್ದರೆ ನೀಲಿ ಹಳದಿಗೆ ತಿರುಗುತ್ತದೆ. ಹಾಗಾದರೆ ಹೆಡ್ ಮತ್ತೆ ಬಿಚ್ಚಿ, ಗ್ಯಾಸ್ಕೆಟ್ ನೋಡಿ, ಹೆಡ್ ಬಾಗಿದೆಯೇ, ಸೀಳಿದೆಯೇ ಅಂತ ಪರೀಕ್ಷೆ ಮಾಡಿಸಬೇಕಾಗುತ್ತದೆ. ನೀಲಿಯಾಗಿಯೇ ಉಳಿದರೆ ಕೆಳಗಿನ ಹೋಸ್ ನೋಡಿ. ಇಂಜಿನ್ ರೇಸ್ ಮಾಡಿದಾಗ ಅದು ಒಳಕ್ಕೆ ಚಪ್ಪಟೆಯಾಗುತ್ತಿದ್ದರೆ ಒಳಗಿನ ಸ್ಪ್ರಿಂಗ್ ಇಲ್ಲ ಅಂತ ಲೆಕ್ಕ. ಸ್ಪ್ರಿಂಗ್ ಇರುವ ಹೋಸ್ ಹಾಕಿ.