ಪದ ಪರಿಚಯ: ಬಿಟ್ಟಿ

ಚಿಕ್ಕಮಗಳೂರು–ಬೇಲೂರು ಬಸ್ಸಲ್ಲಿ, ಹಾಸನದ ಹೋಟೆಲುಗಳಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ, ಎಲ್ಲಿ ಹೋದರೂ ಈಗ ಇದೇ ಮಾತು. ಬಿಟ್ಟಿ ಅಕ್ಕಿ, ಬಿಟ್ಟಿ ಬಸ್ಸು, ಬಿಟ್ಟಿ ದುಡ್ಡು. ಮೊನ್ನೆ ಒಬ್ಬರು ವೃದ್ಧಾಪ್ಯ ವೇತನವನ್ನೂ ಈ ಪಟ್ಟಿಗೆ ಸೇರಿಸಿದರು. ಪದ ಬಳಸುವಾಗ ಅದರ ಹುಟ್ಟನ್ನು ಒಂದು ಸಲವಾದರೂ ನೋಡಬೇಕು.

ಬಿಟ್ಟಿ ಸಂಸ್ಕೃತದ ‘ವಿಷ್ಟಿ’ಯ ತದ್ಭವ. ‘ಬಿಡು’ ಎಂಬುದರಿಂದ ಬಂತು, ‘ಬಿಟ್ಟು ಕೊಟ್ಟದ್ದು ಬಿಟ್ಟಿ’ ಅಂತ ವಿವರಿಸುವವರಿದ್ದಾರೆ. ಅದು ಸರಿಯಲ್ಲ. ವೀರ ಬೀರ ಆದ ಹಾಗೆ, ವರ್ಣ ಬಣ್ಣ ಆದ ಹಾಗೆ ‘ವಿ’ ಇಲ್ಲಿ ‘ಬಿ’ ಆಗಿದೆ. ಇಷ್ಟಿಕಾ ಇಟ್ಟಿಗೆ ಆದ ಹಾಗೆ ‘ಷ್ಟ’ ‘ಟ್ಟ’ ಆಗಿದೆ. ನಮ್ಮ ಕಡೆಯವರಿಗೆ ಇನ್ನೊಂದು ಗೊಂದಲವೂ ಉಂಟು. 1117ರಲ್ಲಿ ಬೇಲೂರು ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದ ವಿಷ್ಣುವರ್ಧನನ ಮೊದಲ ಹೆಸರು ಬಿಟ್ಟಿದೇವ. ಆ ಬಿಟ್ಟಿ ಬೇರೆ, ಅದು ‘ವಿಷ್ಣು’ವಿನ ತದ್ಭವ. ಎರಡನ್ನೂ ಬೆರೆಸಿ ಕತೆ ಕಟ್ಟಬೇಡಿ.

ಸರಿ, ವಿಷ್ಟಿ ಅಂದರೇನು? ಕೂಲಿ ಕೊಡದೆ ಬಲವಂತವಾಗಿ ಮಾಡಿಸಿಕೊಂಡ ಕೆಲಸ. ಕೌಟಿಲ್ಯನ ಅರ್ಥಶಾಸ್ತ್ರದಲ್ಲೇ ಈ ಮಾತಿದೆ. ಕನ್ನಡ ಶಾಸನಗಳಲ್ಲಿ ಊರಿನವರು ಸಲ್ಲಿಸಬೇಕಾದ ತೆರಿಗೆಗಳ ಜೊತೆ ಬಿಟ್ಟಿಯ ಹೆಸರೂ ಬರುತ್ತದೆ. ದುಡ್ಡು, ದವಸ ಕೊಟ್ಟ ಮೇಲೂ ಮೈಯಿಂದ ಸಲ್ಲಿಸಬೇಕಾಗಿದ್ದ ತೆರಿಗೆ ಇದು. ಅಧಿಕಾರಿ ಊರಿಗೆ ಬಂದರೆ ಅವನ ಸಾಮಾನು ಹೊರಬೇಕು. ಗಾಡಿ, ಎತ್ತು ಹೊಂದಿಸಬೇಕು. ದೊಡ್ಡವರ ಮನೆಗೆ ಸೌದೆ ಒಡೆದು ಹಾಕಬೇಕು, ಅವರ ಅಂಗಳ ಸಾರಿಸಬೇಕು. ‘ಬಿಟ್ಟಿ ಹಿಡಿಯುವುದು’ ಅಂತಲೇ ಹೇಳುತ್ತಿದ್ದರು. ತನ್ನ ಹೊಲದ ನಾಟಿ ಬಿಟ್ಟು ಹೋಗಬೇಕಾದವನ ನಷ್ಟವನ್ನು ಯಾರೂ ಕೇಳುತ್ತಿರಲಿಲ್ಲ. ಬಿಟ್ಟಿ ಚಾಕರಿ, ಬಿಟ್ಟಿ ಬೇಗಾರಿ ಅನ್ನುವಾಗ ಹಳೆಯ ಅರ್ಥ ಇನ್ನೂ ಉಳಿದಿದೆ. ಸಂವಿಧಾನದ 23ನೇ ವಿಧಿ ನಿಷೇಧಿಸಿದ್ದು ಇದೇ ಬೇಗಾರಿಯನ್ನು. ಜೀತ ರದ್ದು ಮಾಡಲು 1976ರಲ್ಲಿ ಬೇರೆ ಕಾಯ್ದೆಯೇ ಬೇಕಾಯಿತು.

ಅಂದರೆ ಬಿಟ್ಟಿ ಕೊಟ್ಟವರು ಬಡವರು, ಪಡೆದವರು ಉಳ್ಳವರು. ಈಗ ಹಾಗೆ ಬಿಟ್ಟಿ ಕೊಟ್ಟ ಬಡವರ ಮೊಮ್ಮಕ್ಕಳು ಪಡಿತರದ ಅಕ್ಕಿ ತಂದರೆ ‘ಬಿಟ್ಟಿ ಕೂಳು’ ಅಂತೀವಿ. ಅರ್ಥ ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ, ಒಪ್ಪುತ್ತೇನೆ. ಬಿಟ್ಟಿ ಸಲಹೆ ಅಂದರೆ ನನಗೇನೂ ತಕರಾರಿಲ್ಲ. ಆದರೆ ಈ ಪದವನ್ನು ಯಾರಿಗೆ ಅಂಟಿಸುತ್ತೇವೆ ಅನ್ನುವುದರ ಬಗ್ಗೆ ಖಂಡಿತ ತಕರಾರಿದೆ.

ನಮ್ಮ ಜಿಲ್ಲೆಗಳದ್ದೇ ನೋಡಿ. ಕಾಫಿ ತೋಟದಲ್ಲಿ ಹಳೇ ಗಿಡ ಕಿತ್ತು ಹೊಸದು ನೆಡಲು, ತೋಟದಲ್ಲಿ ಕೆರೆ ತೆಗೆಸಲು, ಸ್ಪ್ರಿಂಕ್ಲರ್ ಹಾಕಿಸಲು ಕಾಫಿ ಮಂಡಳಿ ನೆರವು ಕೊಡುತ್ತಾ ಬಂದಿದೆ. ಅದಕ್ಕೆ ‘ಸಬ್ಸಿಡಿ’ ಅಂತ ಹೆಸರು. ಅದು ಬೇಕಾದ ನೆರವೇ. ಬೆಲೆ ಬಿದ್ದಾಗ, ಮಳೆ ಕೈಕೊಟ್ಟಾಗ ಬೆಳೆಗಾರ ಒಬ್ಬನೇ ತಾಳಿಕೊಳ್ಳಲಾರ. ಆದರೆ ಅದೇ ತೋಟದ ಕೂಲಿಯವರ ಲೈನ್‌ಮನೆಯಲ್ಲಿರುವ ಹೆಂಗಸು ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ತಂದರೆ ಅದು ಮಾತ್ರ ಬಿಟ್ಟಿ. ಎರಡೂ ಜನರ ತೆರಿಗೆ ದುಡ್ಡೇ ಅಲ್ವಾ? ‘ಅವರು ತೆರಿಗೆ ಕಟ್ಟಲ್ಲ’ ಅನ್ನುವುದಂತೂ ಸುಳ್ಳು. ಕಾಫಿಪುಡಿಯಿಂದ ಸೋಪಿನವರೆಗೆ ಅಂಗಡಿಯಲ್ಲಿ ಕೊಂಡಾಗೆಲ್ಲ ಆಕೆಯೂ ಜಿಎಸ್‌ಟಿ ಕಟ್ಟುತ್ತಾಳೆ.

ಬಸ್ಸಿನ ವಿಷಯವೂ ಅಷ್ಟೇ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಲ್ಲಿ ಕಂಡಕ್ಟರ್ ಶೂನ್ಯ ಟಿಕೆಟ್ ಹರಿದು ಕೊಡುವುದು ಸುಮ್ನೆ ಅಲ್ಲ. ಆ ಟಿಕೆಟ್ಟಿನ ಲೆಕ್ಕದ ಮೇಲೆ ಸರ್ಕಾರ ಸಾರಿಗೆ ನಿಗಮಕ್ಕೆ ದುಡ್ಡು ತುಂಬಿಕೊಡಬೇಕು. ಪ್ರಯಾಣಕ್ಕೆ ದರ ಇದೆ, ಕೊಡುವ ಕೈ ಬೇರೆ. ಆ ಬಾಕಿ ಹೊತ್ತಿಗೆ ಸರಿಯಾಗಿ ಬರುತ್ತಿದೆಯೇ, ಬಸ್ಸು ಸಾಕಾಗುತ್ತಿದೆಯೇ ಅಂತ ಜಗಳ ಆಡಿ. ಅದು ಆಡಲೇಬೇಕಾದ ಜಗಳ.

ಇಂಥ ಯೋಜನೆಗಳು ಚುನಾವಣೆಗೆ ಹುಟ್ಟಿದವು ಅನ್ನುವವರು ಇನ್ನಷ್ಟು ಹಿಂದೆ ಹೋಗಬೇಕು. ಜರ್ಮನಿಯಲ್ಲಿ ಚಾನ್ಸಲರ್ ಬಿಸ್ಮಾರ್ಕ್ 1883ರಲ್ಲಿ ಕಾರ್ಮಿಕರಿಗೆ ಕಾಯಿಲೆ ವಿಮೆ, 1889ರಲ್ಲಿ ಮುಪ್ಪಿನ ಪಿಂಚಣಿ ತಂದ. ಅವನೇನು ಸಮಾಜವಾದಿಯಲ್ಲ. ಕಾರ್ಮಿಕರು ಸಮಾಜವಾದಿಗಳ ಕಡೆ ಹೋಗದಿರಲಿ ಅನ್ನುವುದೇ ಅವನ ಲೆಕ್ಕವಾಗಿತ್ತು. ಬ್ರಿಟನ್ನಿನಲ್ಲಿ 1942ರ ಬೆವರಿಜ್ ವರದಿ ಹುಟ್ಟಿನಿಂದ ಸಾವಿನವರೆಗಿನ ಭದ್ರತೆಯ ಮಾತಾಡಿತು. ನಮ್ಮಲ್ಲಿ ಸಂವಿಧಾನದ 41ನೇ ವಿಧಿ ನಿರುದ್ಯೋಗ, ಮುಪ್ಪು, ಕಾಯಿಲೆ, ಅಂಗವೈಕಲ್ಯ ಎಂದು ಹೆಸರು ಹಿಡಿದು, ಇಂಥ ಹೊತ್ತಲ್ಲಿ ಸರ್ಕಾರ ತನ್ನ ಶಕ್ತಿಗೆ ತಕ್ಕಂತೆ ನೆರವಾಗಬೇಕು ಅನ್ನುತ್ತದೆ. ಈ ನಾಲ್ಕರಲ್ಲಿ ಯಾವುದೂ ಸೋಮಾರಿತನದಿಂದ ಬರುವುದಲ್ಲ. 2013ರ ಆಹಾರ ಭದ್ರತಾ ಕಾಯ್ದೆ ಬಂದ ಮೇಲೆ ಪಡಿತರ ಕಾನೂನಿನ ಹಕ್ಕಾಯಿತು. ಕೊಡದಿದ್ದರೆ ದೂರು ಕೊಡಬಹುದು. ಭಿಕ್ಷೆಗೆ ಹಾಗೆ ದೂರು ಕೊಡಲು ಬರುವುದಿಲ್ಲ.

ಇನ್ನು ‘ವೃದ್ಧಾಪ್ಯ ವೇತನ’ದ ‘ವೇತನ’. ಸರ್ಕಾರಿ ಕಾಗದವೇ ಅದನ್ನು ಸಂಬಳ ಅಂತ ಕರೆದಿದೆ. ದುಡಿದು ಮುಗಿಸಿದವರಿಗೆ ಸಲ್ಲುವ ಬಾಕಿ ಅನ್ನುವ ಧ್ವನಿ ಅದರಲ್ಲಿದೆ. ನಲವತ್ತು ವರ್ಷ ಕಾಫಿ ಹಣ್ಣು ಬಿಡಿಸಿದ ಕೈಗೆ ಆ ಪದ ಸರಿಯಾಗಿಯೇ ಒಪ್ಪುತ್ತದೆ.

ಬಿಟ್ಟಿ ಪದವನ್ನು ಬಳಸಲೇಬೇಕು ಅನ್ನುವವರಿಗೆ ಹಳೆಯ ಅರ್ಥಕ್ಕೆ ಹತ್ತಿರವಾದ ಜಾಗ ಈ ಯೋಜನೆಗಳ ಒಳಗೇ ಇದೆ. ಬಿಸಿಯೂಟ ಬೇಯಿಸುವ ಅಕ್ಕಂದಿರು, ಅಂಗನವಾಡಿಯವರು, ಮನೆಮನೆ ಸುತ್ತುವ ಆಶಾ ಕಾರ್ಯಕರ್ತೆಯರು ಪಡೆಯುವುದು ಸಂಬಳವಲ್ಲ, ‘ಗೌರವಧನ’. ಹಾಗೆ ಕರೆದ ಕಾರಣಕ್ಕೆ ಕನಿಷ್ಠ ಕೂಲಿಯ ಲೆಕ್ಕಕ್ಕೆ ಅವರು ಬರುವುದಿಲ್ಲ. ನೂರು ಮಕ್ಕಳಿಗೆ ಅನ್ನ ಸಾರು ಮಾಡಿ, ಪಾತ್ರೆ ತೊಳೆದು ಮನೆಗೆ ಹೋಗುವಷ್ಟರಲ್ಲಿ ಸಂಜೆಯಾಗಿರುತ್ತದೆ. ಕೊಟ್ಟ ಕೆಲಸಕ್ಕೂ ಕೈಗೆ ಬಂದ ದುಡ್ಡಿಗೂ ನಡುವೆ ಎಷ್ಟು ಉಳಿಯುತ್ತದೋ ಅಷ್ಟೂ ಬಿಟ್ಟಿ, ಆ ಹಳೆಯ ಕಲ್ಲಿನ ಶಾಸನಗಳ ಅರ್ಥದಲ್ಲೇ.